ನಿಂತವರು, ಬಿದ್ದವರು

ಆತನ ಹೆಸರು ಔರೇಲಿಯಸ್ ಡಯೊಜಿನಿಸ್. ವಯಸ್ಸು 72. ಈಜಿಪ್ಟಿನ ಫಯೂಮ್ ಪ್ರಾಂತದ ಒಂದು ಹಳ್ಳಿಯವನು. ಬಲ ಹುಬ್ಬಿನ ಮೇಲೆ ಗಾಯದ ಕಲೆ. ಇಷ್ಟು ವಿವರ ನಮಗೆ ತಿಳಿದಿರುವುದು ಒಂದು ಪಪೈರಸ್ ಚೀಟಿಯಿಂದ. ಕ್ರಿ.ಶ. 250ರ ಜೂನ್ ತಿಂಗಳಲ್ಲಿ ಬರೆದ ಈ ಚೀಟಿ 1893ರಲ್ಲಿ ಬರ್ಲಿನ್ನಿನಲ್ಲಿ ಮೊದಲ ಬಾರಿಗೆ ಪ್ರಕಟವಾಯಿತು. ಬಲಿಕಾರ್ಯದ ಮೇಲ್ವಿಚಾರಣೆಗೆಂದು ನೇಮಿಸಿದ್ದ ಸಮಿತಿಗೆ ಈ ಮುದುಕ ಅರ್ಜಿ ಹಾಕಿಕೊಂಡಿದ್ದಾನೆ. ತಾನು ಹಿಂದಿನಿಂದಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು. ಈಗಲೂ ಆಜ್ಞೆಯ ಪ್ರಕಾರ ಅಧಿಕಾರಿಗಳ ಎದುರಿಗೇ ಬಲಿ ಕೊಟ್ಟು, ತರ್ಪಣ ಬಿಟ್ಟು, ನೈವೇದ್ಯದ ರುಚಿ ನೋಡಿದ್ದಾಗಿದೆ. ಅದಕ್ಕೆ ರುಜು ಹಾಕಿ ಕೊಡಬೇಕು ಎಂಬುದು ಅರ್ಜಿಯ ಸಾರಾಂಶ. ಇಂಥ ಚೀಟಿಗಳು ಈವರೆಗೆ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಮೊಸಳೆ ದೇವರ ಪೂಜಾರಿಣಿಯೊಬ್ಬಳದೂ ಅವುಗಳಲ್ಲಿ ಒಂದು. ದೇವರ ಸೇವೆಯನ್ನೇ ಕಸುಬಾಗಿ ಉಳ್ಳವಳು ಕೂಡ ತಾನು ದೇವರಿಗೆ ನಡೆದುಕೊಳ್ಳುತ್ತೇನೆಂದು ಸರ್ಕಾರದಿಂದ ಬರೆಸಿಕೊಳ್ಳಬೇಕಾಗಿದ್ದ ಕಾಲ ಅದು!

ಆಜ್ಞೆ ಹೊರಡಿಸಿದವನು ರೋಮಿನ ಚಕ್ರವರ್ತಿ ಡೀಷಿಯಸ್. 249ರಲ್ಲಿ ಪಟ್ಟಕ್ಕೆ ಬಂದ ಆತ ದಂಡನಾಯಕನಾಗಿದ್ದವನು. ರೋಮ್ ನಗರಕ್ಕೆ ಸಾವಿರ ವರ್ಷ ತುಂಬಿದ ಹಬ್ಬ ಆಗಷ್ಟೇ ಮುಗಿದಿತ್ತು. ಆದರೆ ಗಡಿಗಳಲ್ಲಿ ಗಾಥರ ಕಾಟ, ಒಳಗೆ ದಂಗೆಗಳು. ಹಳೆಯ ದೇವತೆಗಳ ಕೃಪೆ ತಪ್ಪಿದ್ದರಿಂದಲೇ ಸಾಮ್ರಾಜ್ಯಕ್ಕೆ ಈ ಗತಿ ಬಂತೆಂದು ನಂಬಿದವರಲ್ಲಿ ಅವನೂ ಒಬ್ಬನಿರಬೇಕು. ಸಾಮ್ರಾಜ್ಯದ ಪ್ರಜೆಗಳೆಲ್ಲರೂ ಬಲಿ ಕೊಟ್ಟು ಸರ್ಟಿಫಿಕೇಟು ಪಡೆಯತಕ್ಕದ್ದೆಂದು ಅಪ್ಪಣೆಯಾಯಿತು. ಆಜ್ಞೆಯಲ್ಲಿ ಕ್ರೈಸ್ತರ ಹೆಸರಿತ್ತೆನ್ನಲು ಆಧಾರವಿಲ್ಲ. ಆದರೆ ಒಬ್ಬನೇ ದೇವರನ್ನು ಬಿಟ್ಟು ಬೇರೆಯವರಿಗೆ ಧೂಪ ಹಾಕುವುದೂ ದ್ರೋಹವೆಂದು ತಿಳಿದಿದ್ದವರಿಗೆ ಇದು ಕುತ್ತಿಗೆಗೆ ಬಂದ ಕತ್ತಿಯೇ ಸರಿ.

ಡೀಷಿಯಸ್ ಹೆಚ್ಚು ದಿನ ಬಾಳಲಿಲ್ಲ. 251ರ ಬೇಸಿಗೆಯಲ್ಲಿ ಗಾಥರೊಡನೆ ಕಾದಾಡುತ್ತ ಸತ್ತ. ಅಷ್ಟು ಹೊತ್ತಿಗಾಗಲೇ ತಪಾಸಣೆಯ ಬಿಗಿ ಸಡಿಲವಾಗಿತ್ತು. ಈ ಲೇಖನಕ್ಕೆ ಬೇಕಾಗಿರುವುದು ಅದರ ನಂತರದ ಕಥೆ. ಬಲಿ ಕೊಟ್ಟು ಬಂದ ಕ್ರೈಸ್ತ, ಕೊಡದೆ ಸೆರೆಮನೆ ಕಂಡು ಬಂದ ಕ್ರೈಸ್ತ, ಲಂಚ ಕೊಟ್ಟು ಚೀಟಿ ಕೊಂಡ ಕ್ರೈಸ್ತ ಈ ಮೂವರೂ ಒಂದೇ ಬೀದಿಯಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಬಾಳಬೇಕಾಗಿತ್ತು. ಲ್ಯಾಟಿನ್ ಬರಹಗಳಲ್ಲಿ ಅವರಿಗೆ ಬಿದ್ದ ಹೆಸರುಗಳೇ ‘ನಿಂತವರು’ ಮತ್ತು ‘ಬಿದ್ದವರು’. ನಿಂತವರು ಬಿದ್ದವರನ್ನು ಏನು ಮಾಡಿದರು ಎಂಬ ಪ್ರಶ್ನೆಯಿಂದ ಕ್ರೈಸ್ತ ಧರ್ಮಸಭೆ ಹಲವು ಬಾರಿ ಒಡೆದಿದೆ.

ಪ್ರಶ್ನೆ ಹೊಸದೇನಲ್ಲ. ಇನ್ನೂರು ವರ್ಷ ಹಿಂದೆ, ಕ್ರಿ.ಶ. 54-55ರ ಸುಮಾರಿಗೆ, ಪೌಲನು ಕೊರಿಂಥ ಪಟ್ಟಣದವರಿಗೆ ಬರೆದ ಕಾಗದದಲ್ಲಿ ಇದರ ಸಣ್ಣ ರೂಪವೊಂದಿದೆ. ಗುಡಿಯಲ್ಲಿ ಬಲಿಯಾದ ಪಶುವಿನ ಮಾಂಸ ಅಂಗಡಿಗೆ ಬರುತ್ತಿತ್ತು. ವಿಗ್ರಹವೆಂಬುದೇ ಸುಳ್ಳಾದ ಮೇಲೆ ಮಾಂಸ ತಿಂದರೇನು ಎನ್ನುವ ತಿಳಿವಳಿಕಸ್ಥರು ಒಂದು ಕಡೆ. ನೆನ್ನೆಯವರೆಗೂ ಅದೇ ವಿಗ್ರಹಕ್ಕೆ ಕೈಮುಗಿದಿದ್ದು, ಈಗ ಆ ಮಾಂಸ ಕಂಡರೆ ಬೆದರುವವರು ಇನ್ನೊಂದು ಕಡೆ. ಪೌಲನು ತಿಳಿದವರ ತರ್ಕವನ್ನು ಒಪ್ಪುತ್ತಾನೆ. ಆದರೂ ತನ್ನ ಊಟದಿಂದ ದುರ್ಬಲನಾದ ಸೋದರನೊಬ್ಬ ಎಡವುವುದಾದರೆ ತಾನು ಮಾಂಸವನ್ನೇ ಮುಟ್ಟುವುದಿಲ್ಲವೆನ್ನುತ್ತಾನೆ. ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಬಲಪಡಿಸುವುದಕ್ಕೆ ಆತ ಬಳಸುವ ಗ್ರೀಕ್ ಪದದ ಮೂಲಾರ್ಥ ಮನೆ ಕಟ್ಟುವುದು. ಕನ್ನಡ ಬೈಬಲಿನ ಹಳೆಯ ಅನುವಾದದಲ್ಲಿ ಅದು ‘ಭಕ್ತಿವೃದ್ಧಿ’ ಎಂದಾಗಿದೆ. ಅರ್ಥ ಸರಿಯೇ, ಕಲ್ಲು ಗಾರೆಯ ವಾಸನೆ ಮಾತ್ರ ಹೋಗಿಬಿಟ್ಟಿದೆ.

ಕೊರಿಂಥದಲ್ಲಿ ಮಾಂಸದ ತುಂಡಿನ ಪ್ರಶ್ನೆಯಾಗಿದ್ದದ್ದು ಡೀಷಿಯಸನ ಕಾಲದಲ್ಲಿ ಜೀವದ ಪ್ರಶ್ನೆಯಾಯಿತು. ಉತ್ತರ ಆಫ್ರಿಕದ ಕಾರ್ತೇಜ್ ನಗರ, ಅಂದರೆ ಇಂದಿನ ಟ್ಯುನಿಸ್ ಪಟ್ಟಣದ ಪಕ್ಕದಲ್ಲಿದ್ದ ಬಂದರು, ಈ ಕಥೆಯ ಮುಖ್ಯ ರಂಗಸ್ಥಳ. ಅಲ್ಲಿನ ಬಿಷಪ್ ಸಿಪ್ರಿಯನ್. ಅಲಂಕಾರಶಾಸ್ತ್ರದ ಮೇಷ್ಟರಾಗಿ ಹೆಸರು ಮಾಡಿದ್ದ ಶ್ರೀಮಂತ. ಮಧ್ಯವಯಸ್ಸಿನಲ್ಲಿ ಕ್ರೈಸ್ತನಾಗಿ, ಎರಡು ಮೂರು ವರ್ಷದೊಳಗೆ ಬಿಷಪ್ಪನೂ ಆದವನು. ಹಳೆಯ ಪಾದ್ರಿಗಳಲ್ಲಿ ಕೆಲವರಿಗೆ ಇದು ಹಿಡಿಸಿರಲಿಲ್ಲ. ಆತನ ಎಂಬತ್ತಕ್ಕೂ ಹೆಚ್ಚು ಕಾಗದಗಳ ಸಂಗ್ರಹ, ಅದರಲ್ಲಿ ಬೇರೆಯವರು ಬರೆದವೂ ಸೇರಿ, ಇಂದಿಗೂ ಉಳಿದುಬಂದಿದೆ. ಆದ್ದರಿಂದಲೇ ಆ ಎರಡು ವರ್ಷಗಳ ಜಗಳ ನಮಗೆ ತಿಂಗಳು ತಿಂಗಳಾಗಿ ಗೊತ್ತು.

ಕಾರ್ತೇಜಿನಲ್ಲಿ ಕ್ರೈಸ್ತರು ಬಿದ್ದ ರೀತಿ ಸಿಪ್ರಿಯನನನ್ನು ಕಂಗೆಡಿಸಿತು. ಯಾರೂ ಹಿಡಿದೆಳೆಯುವ ಮೊದಲೇ ಜನ ತಾವಾಗಿಯೇ ಬಲಿಪೀಠದ ಕಡೆಗೆ ಓಡಿದರಂತೆ. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ, ಇವತ್ತೇ ಮುಗಿಸಿಕೊಡಿ ಎಂದು ಗೋಗರೆದರಂತೆ. ಕೈಗೂಸುಗಳನ್ನು ಎತ್ತಿಕೊಂಡು ಹೋಗಿ ಅವುಗಳ ಬಾಯಿಗೂ ನೈವೇದ್ಯ ಇಟ್ಟವರುಂಟು. ಸುತ್ತಮುತ್ತಲ ಊರುಗಳ ಬಿಷಪ್ಪರಲ್ಲಿ ಕೆಲವರು ತಮ್ಮ ಮಂದಿಯನ್ನೆಲ್ಲ ಜೊತೆಗೆ ಕರೆದುಕೊಂಡೇ ಹೋಗಿ ಬಲಿ ಕೊಟ್ಟರು. ದಾರಿ ತೋರಿಸಬೇಕಾದವನೇ ಮುಂದೆ ನಿಂತು ಹಳ್ಳಕ್ಕೆ ಇಳಿಸಿದರೆ ಹಿಂಡಿನ ಪಾಡೇನು?

ಹಾಗೆಂದು ಸಿಪ್ರಿಯನನೇನೂ ಸೆರೆಮನೆಯಲ್ಲಿರಲಿಲ್ಲ. ಆತ ತಲೆಮರೆಸಿಕೊಂಡಿದ್ದ. ಸಿಪ್ರಿಯನನನ್ನು ಸಿಂಹಕ್ಕೆ ಹಾಕಿ ಎಂದು ಜನ ಬಯಲಾಟದ ಅಖಾಡದಲ್ಲಿ ಕೂಗಿದ್ದರು, ಆಸ್ತಿ ಮುಟ್ಟುಗೋಲಾಗಿತ್ತು. ತಾನು ಊರಲ್ಲಿದ್ದರೆ ತನ್ನ ನೆವದಿಂದ ಎಲ್ಲರಿಗೂ ಆಪತ್ತು ಹೆಚ್ಚುತ್ತದೆಂಬುದು ಆತ ಕೊಟ್ಟ ಕಾರಣ. ರೋಮಿನ ಪಾದ್ರಿಗಳಿಗೆ ಈ ಕಾರಣ ಒಪ್ಪಿಗೆಯಾಗಲಿಲ್ಲ. ಅವರ ಬಿಷಪ್ ಫೇಬಿಯನ್ 250ರ ಜನವರಿಯಲ್ಲೇ ಪ್ರಾಣ ಕೊಟ್ಟಿದ್ದ. ಕಾರ್ತೇಜಿನ ಪಾದ್ರಿಗಳಿಗೆ ಅವರೊಂದು ಕಾಗದ ಬರೆದು, ಒಳ್ಳೆಯ ಕುರುಬನಿಗೂ ಕೂಲಿಯವನಿಗೂ ಇರುವ ವ್ಯತ್ಯಾಸವನ್ನು ನೆನಪಿಸಿದರು. ಹೆಸರು ಹೇಳದೆ ಚುಚ್ಚುವ ಕಲೆ ಎಲ್ಲ ಕಾಲದಲ್ಲೂ ಇದೆ. ಸಿಪ್ರಿಯನ್ ಮಾಡಿದ ಉಪಾಯ ಸ್ವಾರಸ್ಯವಾಗಿದೆ. ಕಾಗದವನ್ನು ಆತ ರೋಮಿಗೇ ವಾಪಸು ಕಳಿಸಿದ. ಇದರಲ್ಲಿ ಬರೆದವರ ಹೆಸರಿಲ್ಲ, ಅಕ್ಷರ, ವಿಷಯ, ಹಾಳೆ ಎಲ್ಲವನ್ನೂ ನೋಡಿದರೆ ಯಾರೋ ತಿದ್ದಿರುವ ಹಾಗಿದೆ, ನಿಮ್ಮದೇ ಹೌದೋ ಎಂದು ನೋಡಿ ತಿಳಿಸಿ ಎಂದು ಬರೆದ! ಜಗಳವಾಡದೆ, ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಎದುರಾಳಿಗೆ ದಾರಿ ಬಿಟ್ಟ ಕ್ರಮ ಇದು. ಕೆಲವೇ ತಿಂಗಳಲ್ಲಿ ರೋಮಿನವರೂ ಆತನೂ ಒಂದೇ ಮಾತಾಡತೊಡಗಿದರು.

ಅಡಗುದಾಣದಿಂದ ಆತ ಮಾಡಿದ ಕೆಲಸಗಳನ್ನು ನೋಡಿದರೆ, ಧೈರ್ಯ ತುಂಬುವುದು ಎಂದರೆ ಏನೆಂಬುದು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ. ಬಡವರಿಗೆ, ವಿಧವೆಯರಿಗೆ, ಸೆರೆಯಲ್ಲಿದ್ದವರಿಗೆ ಹಣ ಕಳಿಸಿದ. ಸೆರೆಮನೆಗೆ ಹೋಗುವವರು ಗುಂಪುಗುಂಪಾಗಿ ಹೋಗಬಾರದು, ಪಾದ್ರಿಗಳು ಸರದಿಯ ಮೇಲೆ ಒಬ್ಬೊಬ್ಬರಾಗಿ ಹೋಗಲಿ, ಮುಖ ಬದಲಾಗುತ್ತಿದ್ದರೆ ಕಾವಲಿನವರಿಗೆ ಸಂಶಯ ಕಡಿಮೆ ಎಂದು ಸೂಚನೆ ಕೊಟ್ಟ. ಚಿತ್ರಹಿಂಸೆ ಕಾಣದೆ ಸೆರೆಯಲ್ಲೇ ಸತ್ತವರನ್ನೂ ರಕ್ತಸಾಕ್ಷಿಗಳೆಂದೇ ಎಣಿಸಿ, ಸತ್ತ ದಿನವನ್ನು ಬರೆದಿಡಿ ಎಂದ. ಉಪದೇಶಕ್ಕಿಂತ ಹೆಚ್ಚಾಗಿ ಇಂಥ ಲೆಕ್ಕಪತ್ರದ ಕೆಲಸವೇ ಆ ಕಾಗದಗಳಲ್ಲಿ ಕಾಣುವುದು. ತನ್ನ ಸಾವು ಎಲ್ಲೋ ಒಂದು ಪಟ್ಟಿಯಲ್ಲಿ ಸೇರುತ್ತದೆಂಬ ಭರವಸೆ ಕತ್ತಲಕೋಣೆಯಲ್ಲಿ ಬಿದ್ದವನಿಗೆ ಸಣ್ಣ ವಿಷಯವಲ್ಲ.

ಸಂಗ್ರಹದಲ್ಲಿ ನನಗೆ ಅತ್ಯಂತ ಮನಮುಟ್ಟುವ ಕಾಗದವೆಂದರೆ ಸಿಪ್ರಿಯನನದಲ್ಲ, ಸೆಲರಿನಸ್ ಎಂಬವನದು. ಈತ ರೋಮಿನಲ್ಲಿ ಹತ್ತೊಂಬತ್ತು ದಿನ ಕಾಲಿಗೆ ಕೊರಡು ಹಾಕಿಸಿಕೊಂಡು ಸೆರೆಯಲ್ಲಿದ್ದು, ಬಲಿ ಕೊಡದೆಯೇ ಬಿಡುಗಡೆಯಾಗಿದ್ದ. ಆತನೇ ವೀರ. ಆದರೆ ಕಾಗದದ ತುಂಬ ಅಳು. ಸೋದರಿಯರೆಂದು ಆತ ಕರೆಯುವ ಇಬ್ಬರು ಹೆಂಗಸರು ಸಿಕ್ಕಿಬಿದ್ದಿದ್ದರು. ಒಬ್ಬಳು ಬಲಿ ಕೊಟ್ಟಿದ್ದಳು. ಇನ್ನೊಬ್ಬಳು ಕ್ಯಾಪಿಟಲ್ ಗುಡ್ಡದ ದಾರಿಯಲ್ಲಿ ಅರ್ಧದವರೆಗೆ ಹೋಗಿ, ಲಂಚ ಕೊಟ್ಟು ತಪ್ಪಿಸಿಕೊಂಡು ಇಳಿದುಬಂದಿದ್ದಳು. ಊರೆಲ್ಲ ಈಸ್ಟರ್ ಹಬ್ಬದ ಸಂತೋಷದಲ್ಲಿದ್ದಾಗ ತಾನು ಗೋಣಿತಟ್ಟು ಉಟ್ಟು ಹಗಲಿರುಳು ಅತ್ತೆನೆಂದು ಸೆಲರಿನಸ್ ಬರೆಯುತ್ತಾನೆ. ಆ ಹೆಂಗಸರ ವಿಷಯ ಪಾದ್ರಿಗಳ ಮುಂದೆ ಹೋಯಿತು. ಹೊಸ ಬಿಷಪ್ ನೇಮಕವಾಗುವವರೆಗೆ ಹೀಗೆಯೇ ಇರಿ ಎಂದು ಅವರು ಹೇಳಿದರು. ರೋಮಿನ ಪೀಠ ಒಂದು ವರ್ಷಕ್ಕೂ ಮೇಲ್ಪಟ್ಟು ಖಾಲಿ ಬಿದ್ದಿತ್ತು. ಅಲ್ಲಿಯವರೆಗೆ ಪ್ರಭುವಿನ ರೊಟ್ಟಿ, ದ್ರಾಕ್ಷಾರಸ ಅವರಿಗೆ ಇಲ್ಲ. ಆ ನಡುವೆ ಅವರೇನು ಮಾಡುತ್ತಿದ್ದರು? ಕಾರ್ತೇಜಿನಿಂದ ಬಂದಿಳಿದ, ನಂಬಿಕೆಗಾಗಿ ಕಷ್ಟಪಟ್ಟಿದ್ದ ಅರವತ್ತೈದು ಮಂದಿಯನ್ನು ಬಂದರಿಗೆ ಹೋಗಿ ಎದುರುಗೊಂಡು, ಊರಿಗೆ ಕರೆತಂದು, ಅವರ ಯೋಗಕ್ಷೇಮವನ್ನೆಲ್ಲ ನೋಡಿಕೊಳ್ಳುತ್ತಿದ್ದರು. ನಿಂತವರಿಗೆ ಅನ್ನ ಹಾಕುತ್ತಿದ್ದವರು ಬಿದ್ದವರು!

ಸೆಲರಿನಸ್ ಈ ಕಾಗದ ಬರೆದದ್ದು ಕಾರ್ತೇಜಿನ ಸೆರೆಯಲ್ಲಿದ್ದ ತನ್ನ ಗೆಳೆಯ ಲೂಷಿಯನಸನಿಗೆ. ಆ ಹೆಂಗಸರನ್ನು ಕ್ಷಮಿಸಿದೆವೆಂದು ನೀವು ಸೆರೆಯಲ್ಲಿರುವವರು ಒಂದು ಮಾತು ಬರೆದುಕೊಡಿ ಎಂಬುದು ಕೋರಿಕೆ. ನಂಬಿಕೆಗಾಗಿ ಸಾಯಲು ಸಿದ್ಧರಾದವರ ಮಾತಿಗೆ ದೇವರ ಬಳಿ ಬೆಲೆಯುಂಟೆಂದು ಅಂದಿನವರು ತಿಳಿದಿದ್ದರು. ಲೂಷಿಯನಸನ ಉತ್ತರವೂ ಸಿಕ್ಕಿದೆ. ಎರಡು ಕೋಣೆಗಳಲ್ಲಿ ತಮ್ಮನ್ನು ತುರುಕಿದ್ದು, ಬೇಗೆ, ಹಸಿವು, ಅಳೆದು ಕೊಡುವ ನೀರು, ಒಬ್ಬೊಬ್ಬರಾಗಿ ಸತ್ತವರ ಹೆಸರು ಎಲ್ಲವೂ ಅದರಲ್ಲಿದೆ. ಪೌಲುಸ್ ಎಂಬಾತ ಸಾಯುವ ಮೊದಲು, ಯಾರು ಕ್ಷಮೆ ಕೇಳಿದರೂ ನನ್ನ ಹೆಸರಿನಲ್ಲಿ ಕೊಟ್ಟುಬಿಡು ಎಂದಿದ್ದನಂತೆ. ಲೂಷಿಯನಸ್ ಅದನ್ನು ಅಕ್ಷರಶಃ ಪಾಲಿಸಿದ. ಸತ್ತ ಪೌಲುಸನ ಹೆಸರಿನಲ್ಲಿ, ಓದುಬರಹ ಬಾರದ ಹುಡುಗನೊಬ್ಬನ ಹೆಸರಿನಲ್ಲಿ ಚೀಟಿಯ ಮೇಲೆ ಚೀಟಿ ಬರೆದ. ಇಂಥವನನ್ನು ‘ಅವನ ಕಡೆಯವರೊಂದಿಗೆ’ ಸೇರಿಸಿಕೊಳ್ಳಿ ಎಂಬ ಒಕ್ಕಣೆಯ ಚೀಟಿಗಳೂ ಹೊರಟವು. ಕಡೆಯವರೆಂದರೆ ಎಷ್ಟು ಮಂದಿ? ಇಪ್ಪತ್ತು ಮೂವತ್ತು ಜನ ಒಂದೇ ಚೀಟಿ ಹಿಡಿದು ಬಂದುಬಿಟ್ಟರೆ ಏನು ಗತಿ ಎಂದು ಸಿಪ್ರಿಯನ್ ತಲೆ ಚಚ್ಚಿಕೊಂಡ. ಕೊನೆಗೆ ಬಿದ್ದವರೆಲ್ಲರನ್ನೂ ಕ್ಷಮಿಸಿದ್ದೇವೆಂದು ಸೆರೆಯಿಂದ ಒಂದು ಸಾರಾಸಗಟು ಆಜ್ಞೆಯೇ ಬಂತು. ಚಕ್ರವರ್ತಿಯ ಚೀಟಿಗೆ ಎದುರಾಗಿ ಸಾಕ್ಷಿಗಳ ಚೀಟಿ!

ಕರುಣೆಯಿಂದ ಹುಟ್ಟಿದ್ದೇ ಆದರೂ ಇದು ನಂಬಿಕೆಯನ್ನು ಕಟ್ಟಲಿಲ್ಲವೆಂದು ನನ್ನ ಅಭಿಪ್ರಾಯ. ಕ್ಷಮಿಸುವವನಿಗೆ ಕ್ಷಮೆ ಕೇಳಿದವನ ಮುಖವೇ ಗೊತ್ತಿಲ್ಲ. ಬಿದ್ದವನು ತನ್ನ ದುಃಖವನ್ನು ಯಾರ ಮುಂದೆಯೂ ಹೇಳಿಕೊಳ್ಳಬೇಕಾಗಿಲ್ಲ. ಯಾರೂ ಅವನ ಪಕ್ಕ ಕೂತು ಕೇಳಬೇಕಾಗಿಲ್ಲ. ಕಾಗದ ತೋರಿಸಿದರೆ ಮುಗಿಯಿತು. ಕಾರ್ತೇಜಿನ ಕೆಲವು ಪಾದ್ರಿಗಳು ಹಾಗೆಯೇ ಒಳಗೆ ಬಿಟ್ಟುಕೊಳ್ಳತೊಡಗಿದರು. ಬಿಷಪ್ಪನ ಮೇಲಿದ್ದ ಹಳೆಯ ಸಿಟ್ಟನ್ನೂ ತೀರಿಸಿಕೊಂಡಂತಾಯಿತು. ಅದೇ ಸೆರೆಯಲ್ಲಿ ಮಪ್ಪಾಲಿಕಸ್ ಎಂಬ ಇನ್ನೊಬ್ಬನಿದ್ದ. ವಿಚಾರಣೆಯ ಹಿಂಸೆಯಲ್ಲಿ ಸತ್ತ. ಅವನೂ ಕ್ಷಮೆಯ ಮಾತು ಹೇಳಿ ಸತ್ತನೆಂಬುದು ನಿಜ. ಆದರೆ ಇಬ್ಬರಿಗೆ ಮಾತ್ರ: ಬಿದ್ದಿದ್ದ ತನ್ನ ತಾಯಿಗೆ, ತನ್ನ ತಂಗಿಗೆ. ಸಿಪ್ರಿಯನ್ ಇದನ್ನು ಮೆಚ್ಚಿ ಬರೆದಿದ್ದಾನೆ.

ಇನ್ನೊಂದು ತುದಿಯಲ್ಲಿದ್ದವನು ರೋಮಿನ ಪಾದ್ರಿ ನೊವೇಷಿಯನ್. ದೊಡ್ಡ ವಿದ್ವಾಂಸ, ಪೀಠ ಖಾಲಿಯಿದ್ದಾಗ ಪಾದ್ರಿಗಳ ಪರವಾಗಿ ಸಿಪ್ರಿಯನನಿಗೆ ತೂಕದ ಮಾತುಗಳಲ್ಲಿ ಕಾಗದ ಬರೆದವನೂ ಈತನೇ. 251ರ ಮಾರ್ಚಿಯಲ್ಲಿ ಬಿಷಪ್ ಪದವಿಗೆ ಕೊರ್ನೇಲಿಯಸ್ ಎಂಬವನ ಆಯ್ಕೆಯಾಯಿತು. ನೊವೇಷಿಯನ್ ಒಪ್ಪದೆ ತಾನೇ ಪ್ರತಿ-ಬಿಷಪ್ಪನಾದ. ಬಲಿ ಕೊಟ್ಟವನು ಪಶ್ಚಾತ್ತಾಪಪಡಲಿ, ಕ್ಷಮೆ ದೇವರಿಗೆ ಬಿಟ್ಟದ್ದು; ಧರ್ಮಸಭೆ ಮಾತ್ರ ಅವನನ್ನು ಸಾಯುವ ಗಳಿಗೆಯಲ್ಲೂ ಮತ್ತೆ ಸೇರಿಸಿಕೊಳ್ಳಬಾರದೆಂಬುದು ಅವನ ಪಂಥ. ನೊವೇಷಿಯನ್ ರೊಟ್ಟಿ ಕೊಡುವಾಗ ಜನರ ಕೈ ಹಿಡಿದುಕೊಂಡು, ತನ್ನನ್ನು ಬಿಟ್ಟು ಕೊರ್ನೇಲಿಯಸನ ಕಡೆ ಹೋಗುವುದಿಲ್ಲವೆಂದು ಆಣೆ ಮಾಡಿಸುತ್ತಿದ್ದನಂತೆ. ಹೇಳಿದವನು ಸ್ವತಃ ಕೊರ್ನೇಲಿಯಸ್. ಎದುರಾಳಿಯ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ಸೆರೆ ಕಂಡು ಬಂದ ವೀರರಲ್ಲೇ ಹಲವರು ಮೊದಮೊದಲು ನೊವೇಷಿಯನನ ಕಡೆ ಹೋದರೆಂಬುದು ನಿಜ. ತಾವು ಅಷ್ಟೆಲ್ಲ ಸಹಿಸಿದ್ದಕ್ಕೆ ಬೆಲೆ ಏನು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ ತಾನೆ? ‘ಬಿದ್ದಾಳಿಗೆ ಒಂದು ಕಲ್ಲು’ ಎಂಬ ನಮ್ಮ ಗಾದೆ ನೆನಪಿಗೆ ಬರುತ್ತದೆ. ಇಲ್ಲಿ ಕಲ್ಲು ಹೊರಿಸಿದವರು ದುಷ್ಟರಾಗಿರಲಿಲ್ಲ. ಮೈಮೇಲೆ ನಿಜವಾದ ಗಾಯದ ಗುರುತುಳ್ಳವರಾಗಿದ್ದರು. ಕಷ್ಟ ಇರುವುದೇ ಅಲ್ಲಿ.

251ರ ವಸಂತದಲ್ಲಿ ಸಿಪ್ರಿಯನ್ ಊರಿಗೆ ಮರಳಿದ. ಆಫ್ರಿಕದ ಬಿಷಪ್ಪರ ಸಭೆ ಸೇರಿತು. ಎಲ್ಲರನ್ನೂ ಒಂದೇ ಹಗ್ಗದಿಂದ ಕಟ್ಟಬಾರದು, ಒಬ್ಬೊಬ್ಬರ ವಿಷಯವನ್ನೂ ಬೇರೆಬೇರೆಯಾಗಿ ಕೇಳಬೇಕೆಂದು ತೀರ್ಮಾನವಾಯಿತು. ಬರೀ ಚೀಟಿ ಕೊಂಡವರನ್ನು ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿರುವುದು, ಸಾಯುವ ಸ್ಥಿತಿಯಲ್ಲಿದ್ದರೆ ಕೈಬಿಡದಿರುವುದು. ಮನಸ್ಸು ಹೊಯ್ದಾಡುತ್ತಿದ್ದ ಆಂಟೋನಿಯಾನಸ್ ಎಂಬ ಬಿಷಪ್ಪನಿಗೆ ಸಿಪ್ರಿಯನ್ ಬರೆದ ಉದ್ದನೆಯ ಕಾಗದದಲ್ಲಿ ಈ ತೀರ್ಮಾನದ ಹಿಂದಿನ ವಿಚಾರವೆಲ್ಲ ಇದೆ. ಕರೆದ ಕೂಡಲೇ ಓಡಿಹೋಗಿ ಬಲಿ ಕೊಟ್ಟವನೂ, ಬಹಳ ಹೊತ್ತು ಸೆಣಸಿ ಸೋತವನೂ ಒಂದೇ ಏನು? ಹೆಂಡತಿ ಮಕ್ಕಳು ಆಳುಕಾಳುಗಳನ್ನೆಲ್ಲ ಎಳೆದುಕೊಂಡು ಹೋದವನು ಒಬ್ಬ. ಮನೆಯವರಿಗೆಲ್ಲ ಬದಲಾಗಿ ತಾನೊಬ್ಬನೇ ಹೋಗಿ ಕೈ ಮಲಿನ ಮಾಡಿಕೊಂಡು, ಅವರನ್ನು ಉಳಿಸಿ, ಊರು ಬಿಟ್ಟು ಬಂದ ಸೋದರರಿಗೆ ತನ್ನ ಮನೆಯಲ್ಲಿ ಆಶ್ರಯ ಕೊಟ್ಟವನು ಇನ್ನೊಬ್ಬ. ಚೀಟಿ ಕೊಂಡವರಲ್ಲಿ ಕೆಲವರು, ಬಲಿ ಕೊಡುವುದು ತಪ್ಪೆಂದು ಗೊತ್ತಿದ್ದೇ, ಅದನ್ನು ತಪ್ಪಿಸಿಕೊಳ್ಳಲೆಂದು ಹಣ ಕೊಟ್ಟವರು. ಚೀಟಿ ಕೊಳ್ಳುವುದೂ ತಪ್ಪೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲು ತಾನು ಬಿಗಿಯಾಗಿದ್ದು ಈಗ ಸಡಿಲವಾಗಿದ್ದೇನೆಂದು ಜನ ಆಡಿಕೊಳ್ಳುವುದು ಸಿಪ್ರಿಯನನಿಗೆ ಗೊತ್ತಿತ್ತು. ಮನಸ್ಸು ಬದಲಿಸಿದ್ದನ್ನು ಆತ ಮುಚ್ಚಿಡದೆ, ಕಾರಣ ಬರೆದ.

ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲೂ ಇದೇ ಜಗಳ ನಡೆದಿತ್ತು. ಅಲ್ಲಿಯ ಬಿಷಪ್ ಡಯೊನೀಷಿಯಸ್ ವಾದ ಮಾಡುವುದಕ್ಕಿಂತ ಕಥೆ ಹೇಳುವುದರಲ್ಲಿ ನಿಪುಣ. ಆತನ ಕಾಗದಗಳ ತುಣುಕುಗಳನ್ನು ಮುಂದಿನ ಶತಮಾನದ ಚರಿತ್ರಕಾರ ಯೂಸೀಬಿಯಸ್ ಉಳಿಸಿಕೊಟ್ಟಿದ್ದಾನೆ. ಡಯೊನೀಷಿಯಸನನ್ನೂ ಸೈನಿಕರು ಹಿಡಿದೊಯ್ದಿದ್ದರು. ಮದುವೆಯ ರಾತ್ರಿಯೂಟಕ್ಕೆ ಸೇರಿದ್ದ ಹಳ್ಳಿಗರು ಸುದ್ದಿ ಕೇಳಿ ನುಗ್ಗಿದರು, ಸೈನಿಕರು ಪರಾರಿ. ಬಂದವರು ಕಳ್ಳರೆಂದು ಬಗೆದ ಬಿಷಪ್ ಹಾಸಿಗೆಯ ಮೇಲಿದ್ದಂತೆಯೇ ಮೈಮೇಲಿನ ಬಟ್ಟೆ ಬಿಚ್ಚಿಕೊಡಲು ಹೊರಟ. ತಾನು ಸಾಯಲು ಸಿದ್ಧ, ಬಿಡಿ ಎಂದು ಬೇಡಿದರೂ ಕೇಳದೆ ಅವನನ್ನು ಕೈಕಾಲು ಹಿಡಿದು ಎತ್ತಿ ಕತ್ತೆಯ ಮೇಲೆ ಕೂರಿಸಿ ಸಾಗಿಸಿದರು! ತನ್ನ ಬಗ್ಗೆಯೇ ಹೀಗೆ ನಗುವ ಬಿಷಪ್ಪನಿಂದ ಬಿದ್ದವರ ಮೇಲೆ ಕಠೋರ ಮಾತು ಬರುವುದು ಕಷ್ಟ.

ಆತ ಹೇಳುವ ಇನ್ನೆರಡು ಪ್ರಸಂಗಗಳು ನಮ್ಮ ವಿಷಯಕ್ಕೆ ನೇರವಾಗಿ ಸೇರಿದವು. ನ್ಯಾಯಸ್ಥಾನದಲ್ಲಿ ಒಬ್ಬ ಕ್ರೈಸ್ತನ ವಿಚಾರಣೆ ನಡೆದಿತ್ತು. ಆತ ಇನ್ನೇನು ನಂಬಿಕೆಯನ್ನು ಅಲ್ಲಗಳೆಯುವುದರಲ್ಲಿದ್ದ. ಅಲ್ಲೇ ನಿಂತಿದ್ದ ನಾಲ್ವರು ಸೈನಿಕರು ಮತ್ತು ಒಬ್ಬ ಮುದುಕ ಹಲ್ಲು ಕಚ್ಚಿ, ಕಣ್ಣು ಮುಖ ತಿರುವಿ, ಕೈ ಚಾಚಿ ಸನ್ನೆ ಮಾಡತೊಡಗಿದರು. ಜೋರಾಗಿ ಹೇಳುವ ಹಾಗಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ. ಎಲ್ಲರ ಕಣ್ಣೂ ಅವರ ಕಡೆ ತಿರುಗಿತು. ಯಾರಾದರೂ ಹಿಡಿಯುವ ಮೊದಲೇ ಅವರು ತಾವಾಗಿ ಕಟಕಟೆಗೆ ಓಡಿಹೋಗಿ, ನಾವೂ ಕ್ರೈಸ್ತರೇ ಎಂದುಬಿಟ್ಟರು. ನಡುಗಿದವರು ನ್ಯಾಯಾಧೀಶರಂತೆ.

ಇನ್ನೊಂದು ಸೆರಾಪಿಯನ್ ಎಂಬ ಮುದುಕನ ಕಥೆ. ಬಾಳೆಲ್ಲ ಒಳ್ಳೆಯವನಾಗಿದ್ದು, ಕಡೆಗೆ ಬಲಿ ಕೊಟ್ಟು ಬಿದ್ದವನು. ಎಷ್ಟು ಬೇಡಿದರೂ ಯಾರೂ ಕಿವಿಗೊಡಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಮಾತು, ಪ್ರಜ್ಞೆ ಇರಲಿಲ್ಲ. ನಾಲ್ಕನೆಯ ದಿನ ಎಚ್ಚರವಾಗಿ ಮೊಮ್ಮಗನನ್ನು ಪಾದ್ರಿಯ ಬಳಿಗೆ ಅಟ್ಟಿದ. ನಡುರಾತ್ರಿ, ಪಾದ್ರಿಗೂ ಕಾಯಿಲೆ, ಎದ್ದು ಬರುವ ಹಾಗಿಲ್ಲ. ಸಾಯುವವರನ್ನು ಕೈಬಿಡಬಾರದೆಂದು ಡಯೊನೀಷಿಯಸ್ ಮೊದಲೇ ಅಪ್ಪಣೆ ಕೊಟ್ಟಿದ್ದನಾದ್ದರಿಂದ, ಪಾದ್ರಿ ಪ್ರಸಾದದ ರೊಟ್ಟಿಯ ಒಂದು ಚೂರನ್ನು ಹುಡುಗನ ಕೈಗೆ ಕೊಟ್ಟು, ನೆನೆಸಿ ತಾತನ ಬಾಯಿಗೆ ಹನಿಸು ಎಂದ. ಹುಡುಗ ಹಾಗೆಯೇ ಮಾಡಿದ. ಮುದುಕ ನುಂಗಿ ಪ್ರಾಣ ಬಿಟ್ಟ. ಡಯೊನೀಷಿಯಸ್ ಈ ಕಥೆಯನ್ನು ಬರೆದು ಕಳಿಸಿದ್ದು ಆಂಟಿಯೋಕಿನ ಬಿಷಪ್ಪನಿಗೆ. ಆತ ನೊವೇಷಿಯನನ ಕಡೆ ವಾಲುತ್ತಿದ್ದ.

ಕಾರ್ತೇಜಿಗೆ ಮುಂದಿನ ವರ್ಷಗಳಲ್ಲಿ ಎರಡು ಆಪತ್ತುಗಳು ಒಟ್ಟಿಗೇ ಬಂದವು. ಒಂದು, ಇಂದು ಚರಿತ್ರಕಾರರು ಸಿಪ್ರಿಯನನ ಹೆಸರಿನಿಂದಲೇ ಕರೆಯುವ ಮಹಾಮಾರಿ. ಇನ್ನೊಂದು, ಹೊಸ ಚಕ್ರವರ್ತಿ ಮತ್ತೆ ಹಿಂಸೆ ಶುರು ಮಾಡುತ್ತಾನೆಂಬ ಭಯ. 252-53ರ ಹೊತ್ತಿಗೆ 42 ಮಂದಿ ಬಿಷಪ್ಪರು ಸೇರಿ, ಬಲಿ ಕೊಟ್ಟು ಪ್ರಾಯಶ್ಚಿತ್ತದಲ್ಲಿದ್ದವರೆಲ್ಲರನ್ನೂ ಈಗಲೇ ಸೇರಿಸಿಕೊಳ್ಳುವುದೆಂದು ನಿರ್ಧರಿಸಿದರು. ಅವರ ತರ್ಕ ಇದು: ನಾಳೆ ಇವರಿಗೆ ನಿಮ್ಮ ರಕ್ತ ಕೊಡಿ ಎಂದು ಹೇಳಬೇಕಾದವರು ನಾವು, ಇವತ್ತು ಪ್ರಭುವಿನ ಪಾತ್ರೆಯನ್ನು ಕೊಡದೆ ಯಾವ ಬಾಯಲ್ಲಿ ಹೇಳುವುದು? ಗಟ್ಟಿಯಾದ ಮೇಲೆ ಊಟ ಕೊಡುತ್ತೇವೆ ಎನ್ನುವುದನ್ನು ಬಿಟ್ಟು, ಊಟ ಕೊಟ್ಟರೆ ಗಟ್ಟಿಯಾದಾರು ಎಂಬ ಕಡೆಗೆ ಅವರು ಬಂದಿದ್ದರು. ಎರಡು ವರ್ಷದ ಪ್ರಾಯಶ್ಚಿತ್ತವೂ ವ್ಯರ್ಥವಾಗಿರಲಿಲ್ಲವೆನ್ನಬೇಕು. ಬಾಗಿಲಲ್ಲಿ ಕಾದು ನಿಂತವರು ಯಾರು, ಹೊರಟುಹೋದವರು ಯಾರು ಎಂಬುದು ಆಗ ಎಲ್ಲರಿಗೂ ಗೊತ್ತಾಗಿತ್ತು.

258ರ ಸೆಪ್ಟೆಂಬರ್ 14ರಂದು ಇನ್ನೊಬ್ಬ ಚಕ್ರವರ್ತಿಯ ಕಾಲದಲ್ಲಿ ಸಿಪ್ರಿಯನನ ತಲೆ ಕಡಿದರು. ಈ ಸಲ ಆತ ಅಡಗಲಿಲ್ಲ. ಹಿಂದಿನ ರಾತ್ರಿ ಊರ ಕ್ರೈಸ್ತರೆಲ್ಲ ಆತನಿದ್ದ ಮನೆಯ ಬಾಗಿಲಲ್ಲೇ ಕೂತಿದ್ದರು. ಗುಂಪಿನಲ್ಲಿದ್ದ ಹುಡುಗಿಯರನ್ನು ಜೋಪಾನವಾಗಿ ನೋಡಿಕೊಳ್ಳಿ ಎಂದು ಒಳಗಿನಿಂದ ಹೇಳಿಕಳಿಸಿದ. ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿಸಿದ. ಕಣ್ಣಿಗೆ ಬಟ್ಟೆಯನ್ನು ತಾನೇ ಕಟ್ಟಿಕೊಂಡನಾದರೂ ಕೈ ಕಟ್ಟಿಕೊಳ್ಳಲಾಗದೆ, ಪಾದ್ರಿಯೊಬ್ಬ ಮತ್ತು ಕಿರಿಯ ಸೇವಕನೊಬ್ಬ ಕಟ್ಟಿದರು.

ಆತ ಕಟ್ಟಿದ್ದು ಐವತ್ತು ವರ್ಷ ನಿಂತಿತು. 303ರಲ್ಲಿ ಡಯೊಕ್ಲೀಷಿಯನನ ಹಿಂಸೆ ಶುರುವಾಯಿತು. ಧರ್ಮಗ್ರಂಥಗಳನ್ನು ಒಪ್ಪಿಸಿ ಎಂಬ ಆಜ್ಞೆಗೆ ಬೆದರಿ ಕೊಟ್ಟವರು ‘ಒಪ್ಪಿಸಿದವರು’ ಎನಿಸಿದರು. ಅಂಥವನ ಕೈಯಿಂದ ಬಿಷಪ್ ದೀಕ್ಷೆ ಪಡೆದವನು ಬಿಷಪ್ಪನೇ ಅಲ್ಲವೆಂದು ಕಾರ್ತೇಜಿನಲ್ಲಿ ಒಂದು ಪಕ್ಷ ಹುಟ್ಟಿತು. ಅದರ ನಾಯಕ ಡೊನೇಟಸನ ಹೆಸರಿನಿಂದ ಅದು ಡೊನೇಟಿಸ್ಟ್ ಪಂಥವಾಯಿತು. ಬಿದ್ದವರನ್ನು ಎತ್ತುವುದು ಹೇಗೆಂಬುದು ಹಿಂದಿನ ಪ್ರಶ್ನೆ. ಎತ್ತುವ ಕೈ ಶುದ್ಧವಾಗಿದೆಯೇ ಎಂಬುದು ಈಗಿನ ಪ್ರಶ್ನೆ. 411ರಲ್ಲಿ ಕಾರ್ತೇಜಿನಲ್ಲಿ ಸಂಧಾನದ ಸಭೆ ನಡೆದಾಗ ಎರಡು ಕಡೆಯೂ ಇನ್ನೂರ ಎಂಬತ್ತರ ಆಸುಪಾಸಿನ ಬಿಷಪ್ಪರಿದ್ದರು. ನೂರು ವರ್ಷ ಊರೂರಿಗೆ ಎರಡೆರಡು ಗುಡಿ! ಎರಡೂ ಪಕ್ಷದವರು ಸಿಪ್ರಿಯನ್ ತಮ್ಮವನೆಂದು ಹೇಳಿಕೊಂಡರು. ಸರ್ಕಾರಿ ಅಧಿಕಾರಿಯೊಬ್ಬ ಡೊನೇಟಿಸ್ಟರ ವಿರುದ್ಧ ತೀರ್ಪು ಕೊಟ್ಟ. ಮುಂದೆ ದಂಡ, ಮುಟ್ಟುಗೋಲುಗಳ ಕಾನೂನು ಬಂತು. ಕ್ರೈಸ್ತರನ್ನು ಕ್ರೈಸ್ತ ಸರ್ಕಾರವೇ ಹಿಂಸಿಸುವ ಕಾಲ ಅದು. ಆ ಕಥೆ ಬೇರೆ.

ಅದೇ ಡಯೊಕ್ಲೀಷಿಯನನ ಹಿಂಸೆಯ ಕಾಲದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ಪನಾಗಿದ್ದವನು ಪೀಟರ್. ಅವನಿಗೂ ಮೆಲಿಷಿಯಸ್ ಎಂಬ ಇನ್ನೊಬ್ಬ ಬಿಷಪ್ಪನಿಗೂ ಬಿದ್ದವರ ವಿಷಯದಲ್ಲೇ ಮನಸ್ತಾಪ. ಒಂದೇ ಸೆರೆಯಲ್ಲಿದ್ದ ಇವರಿಬ್ಬರ ನಡುವೆ ಪೀಟರ್ ತನ್ನ ಮೇಲುಹೊದಿಕೆಯನ್ನೇ ಪರದೆಯಾಗಿ ಕಟ್ಟಿ, ನನ್ನವರು ಈ ಕಡೆ ಬನ್ನಿ, ಅವನವರು ಆ ಕಡೆ ಹೋಗಿ ಎಂದನೆಂದು ಎಪಿಫೇನಿಯಸ್ ಎಂಬ ಲೇಖಕ ಹೇಳುತ್ತಾನೆ. ಕಥೆ ಎಷ್ಟು ನಿಜವೋ, ಒಡಕು ಮಾತ್ರ ನಿಜ. ಪೀಟರನೇ 306ರ ಈಸ್ಟರ್ ಹೊತ್ತಿಗೆ ಬರೆದ ನಿಯಮಾವಳಿಯೊಂದು ಉಳಿದಿದೆ. ಚಿತ್ರಹಿಂಸೆ ತಡೆಯಲಾರದೆ ಸೋತವರು ಈಗಾಗಲೇ ಮೂರು ವರ್ಷ ಅತ್ತಿದ್ದಾರೆ, ಅವರಿಗೆ ಇನ್ನು ನಲವತ್ತು ದಿನ ಸಾಕು. ಸೆರೆವಾಸಕ್ಕೇ ಸೋತವರಿಗೆ ಒಂದು ವರ್ಷ. ಹಣ ಕೊಟ್ಟು ಪಾರಾದವರ ಮೇಲೆ ದೋಷವಿಲ್ಲ. ಅವರು ಕಳೆದುಕೊಂಡದ್ದು ದುಡ್ಡು. ತಮ್ಮ ಬದಲಿಗೆ ಕ್ರೈಸ್ತ ಗುಲಾಮರನ್ನು ಬಲಿಗೆ ಕಳಿಸಿದ ಧಣಿಗಳೂ ಇದ್ದರು. ಹೋದ ಗುಲಾಮನಿಗೆ ಒಂದು ವರ್ಷದ ಪ್ರಾಯಶ್ಚಿತ್ತ. ಕಳಿಸಿದ ಧಣಿಗೆ ಮೂರು ವರ್ಷ. ಹಸಿವು ಬಾಯಾರಿಕೆ ಹಿಂಸೆಗಳಿಗೆ ಸೋತವರಿಗಾಗಿ ಅವರ ತಾಯ್ತಂದೆಯರೋ ಒಡಹುಟ್ಟಿದವರೋ ಬಂದು, ನಮ್ಮವರಿಗಾಗಿ ಪ್ರಾರ್ಥಿಸಿ ಎಂದು ಬೇಡಿದರೆ ಏನು ಮಾಡಬೇಕೆಂಬುದಕ್ಕೂ ಒಂದು ನಿಯಮವಿದೆ. ಅವರೊಂದಿಗೆ ಕೂತು ಅತ್ತು ಪ್ರಾರ್ಥಿಸಬಹುದು, ಅದರಿಂದ ಯಾರಿಗೂ ಕೇಡಿಲ್ಲ ಎನ್ನುತ್ತಾನೆ ಪೀಟರ್.